ನಮ್ಮೂರ ಹುಡುಗನನ್ನು ಮೂರನೆಯ ಸಲ ಫೇಲು ಮಾಡಿದ್ದು

ಬಿಳಿಗೆರೆಯ ಪುಟ್ಟಸ್ವಾಮಿ ಎಂಬ ಹುಡುಗ ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ನಂಜನಗೂಡಿಗೆ ಬಂದಿದ್ದ. ಹುಡುಗ ಎಂದೆನಲ್ಲ, ಸೇನೆಯಲ್ಲಿ ಹತ್ತು ಹನ್ನೆರಡು ವರ್ಷ ಸವೆಸಿದ ಹವಾಲ್ದಾರ್ ಅವನು. ನನ್ನ ವಯಸ್ಸಿನ ಲೆಕ್ಕದಲ್ಲಿ ಹುಡುಗ. ಸೇನೆಗೆ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಗೆ ಅವನನ್ನು ಡ್ರಿಲ್ ಕಲಿಸುವ ಉಸ್ತಾದನಾಗಿ ಹಾಕಿದ್ದಾರೆ. ಅದೇ ಅಕಾಡೆಮಿಯಲ್ಲಿ ಎರಡು ಅವಧಿ, ಒಟ್ಟು ಏಳು ವರ್ಷ, ನಾನು ಅದೇ ಕೆಲಸ ಮಾಡಿದವನು. ರೈಲ್ವೆ ಸ್ಟೇಷನ್ ಹಿಂದಿರುವ ನನ್ನ ಬಾಡಿಗೆ ಮನೆಗೆ ಬೆಳಿಗ್ಗೆ ಬಂದು, ಕಾಫಿ ಕುಡಿದು, ನೋಟ್‌ಬುಕ್ ತೆಗೆದು ಕೂತ.

"ಅಲ್ಲಿ ಎಂಗಿರ್ಬೇಕು, ಏನ್ ಮಾಡ್ಬೇಕು, ಒಸಿ ಏಳಿ ಸಾ, ಬರ್ಕತೀನಿ" ಅಂದ.

ಹೇಳಿದೆ. ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿದ್ದವನಿಗೆ ಹೇಳುವುದಕ್ಕೇನು ಬರ? ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಗಂಜಿ ಹಾಕಿದ ಯೂನಿಫಾರಮ್ಮಿನ ಇಸ್ತ್ರಿ ಮುರಿಯದ ಹಾಗೆ ನಿಂತುಕೊಂಡೇ ಟೀ ಕುಡಿಯುವುದು, ಗಂಟಲು ಕಟ್ಟಿದರೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುವುದು, ಆಜ್ಞೆ ಕೊಡುವಾಗ ಕೂಗು ಹೊಟ್ಟೆಯಿಂದ ಬರಬೇಕು, ಕತ್ತಿನಿಂದಲ್ಲ ಎನ್ನುವುದು. ಎಲ್ಲ ಬರೆದುಕೊಂಡ. ಹೊರಡುವಾಗ ಒಂದು ಕೇಳಿದ: "ನಮ್ಮೂರ್ ಕಡೆ ಹುಡುಗ್ರು ಯಾರಾದ್ರು ಕೆಡೆಟ್ ಆಗ್ ಬಂದ್ರೆ ಏನ್ ಮಾಡ್ಬೇಕು ಸಾ?"

"ಕಣ್ಣು ತಿರುಗಿಸ್ಬುಡು" ಎಂದೆ. ಯೋಚನೆಯನ್ನೇ ಮಾಡದೆ ಬಾಯಿಗೆ ಬಂದುಬಿಟ್ಟಿತು. ಅವನು ಅದನ್ನೂ ಬರೆದುಕೊಂಡು, ಅಡಿಗೆರೆ ಎಳೆದು, ಕಾಲು ಮುಟ್ಟಿ ಹೋದ. ಆ ಅಡಿಗೆರೆ ನನಗೆ ನಾಲ್ಕು ದಿನ ಊಟ ರುಚಿಸದ ಹಾಗೆ ಮಾಡಿತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಅವನಿಗೆ ಹೇಳದೆ ಬಿಟ್ಟದ್ದು ಬಹಳ ಇದೆ.

ಮೊದಲು ಆ ಜಾಗದ ಬಗ್ಗೆ ಎರಡು ಮಾತು. ಬಿಳಿಯರ ಕಾಲದಲ್ಲಿ ಶುರುವಾದ ಸಂಸ್ಥೆ. ಅಲ್ಲಿಯವರೆಗೆ ಅಧಿಕಾರಿಯಾಗಬೇಕಾದರೆ ಕಡಲು ದಾಟಿ ಹೋಗಿ ಕಲಿತು ಬರಬೇಕಿತ್ತಂತೆ. ನಮ್ಮವರು ಕೇಳಿ ಕೇಳಿ ಸಾಕಾದ ಮೇಲೆ ಇಲ್ಲೇ ಒಂದು ಕಟ್ಟಿದರು. ಬೆಟ್ಟದ ಬುಡದಲ್ಲಿ ಉದ್ದನೆಯ ಕಟ್ಟಡ, ಮೇಲೆ ಗಡಿಯಾರ, ಮುಂದೆ ಪರೇಡ್ ಮೈದಾನ. ಒಳಗೆ ಗೋಡೆಯ ತುಂಬ ಹೆಸರುಗಳು: ಮೊದಲ ತಂಡದವರು, ಪದಕ ಪಡೆದವರು, ಯುದ್ಧದಲ್ಲಿ ಹೋದವರು. ಉಸ್ತಾದರ ಹೆಸರು ಯಾವ ಗೋಡೆಯ ಮೇಲೂ ಇಲ್ಲ, ಇರಬೇಕಾಗಿಯೂ ಇಲ್ಲ. ನಾವು ಸಿಪಾಯಿಯಾಗಿ ಸೇರಿ ಮೇಲೆ ಬಂದವರು. ನಮ್ಮ ಕೈಯಲ್ಲಿ ನಡೆಯಲು ಕಲಿತವರು ಒಂದು ಬೆಳಿಗ್ಗೆ ಅಧಿಕಾರಿಗಳಾಗಿ ನಮ್ಮನ್ನು ದಾಟಿ ಹೋಗುತ್ತಾರೆ.

ಅಲ್ಲಿ ಒಂದು ಪದ್ಧತಿ ಇದೆ. ಕೆಡೆಟ್ ಎಂಥ ದಡ್ಡನಾದರೂ ಉಸ್ತಾದ್ ಅವನನ್ನು 'ಸಾಬ್' ಎಂದೇ ಕರೆಯಬೇಕು, ಏಕೆಂದರೆ ನಾಳೆ ಅವನು ಸಾಹೇಬನೇ. 'ಸಾಬ್, ತಾವು ಗದ್ದೆಯಲ್ಲಿ ಎಮ್ಮೆ ನಡೆದ ಹಾಗೆ ನಡೆಯುತ್ತಿದ್ದೀರಿ, ದಯವಿಟ್ಟು ರೈಫಲ್ ತಲೆಯ ಮೇಲೆ ಎತ್ತಿಕೊಂಡು ಮೈದಾನ ಮೂರು ಸುತ್ತು ಓಡಿ ಬನ್ನಿ.' ಬೈಗುಳಕ್ಕೂ ಬಹುವಚನ. ನಗು ತಡೆದುಕೊಂಡು ಬೈಯುವುದು ಕಲಿಯುವುದಕ್ಕೇ ನನಗೆ ಒಂದು ವರ್ಷ ಬೇಕಾಯಿತು.

ನನ್ನ ತಪ್ಪುಗಳನ್ನೂ ಹೇಳಬೇಕಲ್ಲ. ಮೊದಲ ವರ್ಷದ ದೊಡ್ಡ ರಿಹರ್ಸಲ್. ನಿಲ್ಲಿಸುವ ಆಜ್ಞೆ 'ಥಮ್', ಅದನ್ನು ಬಲಗಾಲು ನೆಲಕ್ಕೆ ಬೀಳುವಾಗ ಕೊಡಬೇಕೋ ಎಡಗಾಲಿಗೋ ಎಂದು ಆ ಕ್ಷಣ ತಲೆ ಖಾಲಿಯಾಗಿಬಿಟ್ಟಿತು. ಕೊಡಲೇ ಇಲ್ಲ. ಆಜ್ಞೆ ಇಲ್ಲದೆ ನಿಲ್ಲಬಾರದು ಎಂದು ಕಲಿಸಿದವನು ನಾನೇ. ನನ್ನ ತಂಡ ನೆಟ್ಟಗೆ ನಡೆದುಕೊಂಡು ಹೋಗಿ ಬ್ಯಾಂಡಿನವರ ಮಧ್ಯೆ ನುಗ್ಗಿತು. ದೊಡ್ಡ ಡೋಲು ಹೊತ್ತಿದ್ದ ಪುಣ್ಯಾತ್ಮ ಬಾರಿಸುತ್ತಲೇ ಹಿಂದಕ್ಕೆ ಸರಿದು ಹೂಕುಂಡಗಳ ಮೇಲೆ ಕೂತ. ಡ್ರಿಲ್ಲು, ಶಿಸ್ತು ಎಲ್ಲ ನೋಡಿಕೊಳ್ಳುವ ಅಡ್ಜುಟೆಂಟ್ ಸಾಹೇಬರು ಕುದುರೆ ತಿರುಗಿಸಿಕೊಂಡು ಹೊರಟುಹೋದರು. ಸಂಜೆ ನನ್ನ ಮೇಲಿನ ಸುಬೇದಾರ್ ಮೇಜರ್ ಕರೆದರು. ಗಢವಾಲದ ಬೆಟ್ಟದವರು, ಬಿಳಿ ಮೀಸೆ, ಮೆಲು ಮಾತು. ನನ್ನನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ತಾವೊಬ್ಬರೇ ಒಂದು ತಂಡವಾಗಿ ನಡೆದರು. ನಾನು ಆಜ್ಞೆ ಕೊಡಬೇಕು, ಅವರು ನಿಲ್ಲಬೇಕು. ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯ, ಮಂಡಿನೋವು ಬೇರೆ, ಕತ್ತಲಾಗುವವರೆಗೆ ನನ್ನ ಮಾತಿಗೆ ನಡೆದು ನಿಂತು ಮಾಡಿದರು. ಅಂಥವರನ್ನು ನಾನು ಮತ್ತೆ ಕಾಣಲಿಲ್ಲ.

ಅವರೇ ಹೇಳಿದ್ದು ಆ ಮಾತು. "ನಿನ್ನ ಊರಿನವನು ಎದುರಿಗೆ ಬಂದರೆ ಕಣ್ಣು ತಿರುಗಿಸಿಬಿಡು. ಒಬ್ಬನ ಮುಖ ನೋಡಿ ನಕ್ಕರೆ ಮಿಕ್ಕವರು ನಿನ್ನನ್ನು ನಂಬುವುದಿಲ್ಲ." ಮಾತು ಸರಿಯಾದದ್ದೇ. ಅದನ್ನು ಕೆಡಿಸಿದವನು ನಾನು.

ಕೆಡಿಸಿದ್ದು ಹೇಗೆ ಎಂದು ಹೇಳುವ ಮುಂಚೆ ಅಲ್ಲಿಯ ಒಂಟಿತನ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಉಸ್ತಾದರ ಬ್ಯಾರಕ್ಕಿನಲ್ಲಿ ಪಂಜಾಬಿನವರು, ರಾಜಸ್ಥಾನದವರು, ಬೆಟ್ಟದವರು ಎಲ್ಲರೂ ಇದ್ದರು, ಕನ್ನಡದವನು ನಾನೊಬ್ಬನೇ. ಒಳ್ಳೆಯವರೇ, ನನ್ನ ಜೊತೆ ಹಂಚಿಕೊಂಡು ತಿಂದವರೇ. ಆದರೆ ಬೂಟು ಪಾಲಿಶ್ ಮಾಡುವಾಗ ನಾನು ಬೂಟಿನ ಜೊತೆ ಕನ್ನಡ ಮಾತಾಡುತ್ತಿದ್ದೆ. 'ಬಾರಪ್ಪ ಇತ್ತ, ಮೂತಿ ತೋರ್ಸು' ಎನ್ನುತ್ತಿದ್ದೆ. ನಾಚಿಕೆ ಏನಿಲ್ಲ, ನಿಜ. ಭಾನುವಾರ ಫೋನ್ ಮಾಡಿದರೆ ನನ್ನ ಹೆಂಡತಿ, "ಅದ್ಯಾಕ್ರೀ ನಿಮ್ ಮಾತು ಒಂಥರಾ ಆಗದೆ, ರೇಡಿಯೋದೋರ್ ಮಾತಾಡ್ದಂಗೆ" ಎನ್ನುತ್ತಿದ್ದಳು. ಅವಳು ಈಗಿಲ್ಲ.

ಎರಡನೆಯ ಅವಧಿಯಲ್ಲಿ ಹೊಸ ತಂಡದ ಪಟ್ಟಿ ನನ್ನ ಕೈಗೆ ಬಂತು. ಮಲ್ಲೇಶ, ತಾಲ್ಲೂಕು ತಿರುಮಕೂಡಲು ನರಸೀಪುರ, ಊರು ಬನ್ನೂರು. ಆ ಸಾಲನ್ನು ಎರಡು ಸಲ ಓದಿದೆ. ನಾನು ಹುಟ್ಟಿದ ಹಳ್ಳಿಯಿಂದ ಬನ್ನೂರಿಗೆ ಸೈಕಲ್ಲಿನಲ್ಲಿ ಹೋಗಿ ಬರಬಹುದು. ಹುಡುಗ ಕಪ್ಪಗೆ, ತೆಳ್ಳಗೆ, ಕಿವಿ ಅಗಲ. ತಂದೆ ಇಲ್ಲ, ತಾಯಿ ಮದುವೆ ಮನೆಗಳಲ್ಲಿ ಅಡುಗೆ ಮಾಡುವವರು. ಸರ್ಕಾರಿ ಶಾಲೆಯಲ್ಲಿ ಓದಿ, ಡಿಗ್ರಿ ಮಾಡಿ, ಪರೀಕ್ಷೆ ಬರೆದು ಬಂದಿದ್ದ. ಮೊದಲ ವಾರ ಅವನಿಗೆ ನನ್ನ ಎದೆಯ ಮೇಲಿನ ಹೆಸರು ನೋಡಿ ಅನುಮಾನ ಬಂದಿರಬೇಕು. ಬಿಡುವಿನಲ್ಲಿ ಹತ್ತಿರ ಬಂದು, "ಸಾ, ನೀವು ನಮ್ ಕಡೆಯೋರಾ?" ಅಂದ.

"ಹಿಂದೀ ಮೇ ಬೋಲಿಯೇ ಸಾಬ್" ಎಂದೆ.

ಆಮೇಲೆ ಅವನು ಕನ್ನಡ ತೆಗೆಯಲಿಲ್ಲ. ನಿಯಮ ನಿಯಮವೇ, ಕೆಡೆಟ್‌ಗಳ ಜೊತೆ ಊರ ಮಾತು ಆಡುವ ಹಾಗಿಲ್ಲ. ಆದರೆ ಆ ಉತ್ತರ ನಿಯಮಕ್ಕಾಗಿ ಕೊಟ್ಟದ್ದಲ್ಲ. ಒಂದು ಸಲ ಶುರು ಮಾಡಿದರೆ ನಿಲ್ಲಿಸಲು ನನ್ನಿಂದ ಆಗುವುದಿಲ್ಲ ಎಂಬ ಭಯಕ್ಕೆ. ಅವನ ಜೊತೆ ಕೂತು ಮಾತಾಡುವ ಆಸೆ ಎಷ್ಟಿತ್ತೋ ಅಷ್ಟೂ ಮುಖ ಗಂಟು ಹಾಕಿದೆ.

ಈಗ ಪರೀಕ್ಷೆಯ ವಿಷಯ. ಹೊಸ ಕೆಡೆಟ್‌ಗಳು ಡ್ರಿಲ್ ಟೆಸ್ಟ್ ಪಾಸಾಗುವವರೆಗೆ ಗೇಟು ದಾಟುವಂತಿಲ್ಲ, ಅವರನ್ನು ನೋಡಲು ಬಂದವರನ್ನು ಭೇಟಿ ಮಾಡುವಂತಿಲ್ಲ. ನಡೆದು ಬರಬೇಕು, ಸಲ್ಯೂಟ್ ಮಾಡಬೇಕು, ತಿರುಗಿ ಹೋಗಬೇಕು. ಎರಡು ನಿಮಿಷದ ಕೆಲಸ, ಅದರಲ್ಲಿ ಹತ್ತಾರು ತಪ್ಪು ಹುಡುಕಬಹುದು. ಮಲ್ಲೇಶನ ಮೊದಲ ಟೆಸ್ಟ್‌ನಲ್ಲಿ ಮೊಣಕೈ ಇಳಿದಿತ್ತು, ಫೇಲು ಮಾಡಿದೆ, ನ್ಯಾಯವೇ. ಎರಡನೆಯ ಸಲ ಗಲ್ಲ ಕೂದಲೆಳೆಯಷ್ಟು ಮೇಲಿತ್ತು. ಬೇರೆಯವನಾಗಿದ್ದರೆ ಬಿಡುತ್ತಿದ್ದೆ, ಬಿಡಲಿಲ್ಲ. ಮೂರನೆಯ ಟೆಸ್ಟಿನ ಹಿಂದಿನ ದಿನ ಮೆಸ್ಸಿನಲ್ಲಿ ರಾಜಸ್ಥಾನದ ಉಸ್ತಾದ್ ರೊಟ್ಟಿ ಮುರಿಯುತ್ತ, "ನಾಳೆ ನಿಮ್ಮೂರ ಅಳಿಯನನ್ನು ಪಾಸು ಮಾಡುತ್ತೀರಾ?" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾರನೆಯ ದಿನ ಮಲ್ಲೇಶ ನಡೆದು ಬಂದ. ಏಳು ವರ್ಷದಲ್ಲಿ ಅಂಥ ಸಲ್ಯೂಟ್ ನಾನು ನೋಡಿದ್ದು ಕಡಿಮೆ. ಕೈ ಎಲ್ಲಿರಬೇಕೋ ಅಲ್ಲಿ, ಕಣ್ಣು ಎಲ್ಲಿರಬೇಕೋ ಅಲ್ಲಿ. ಹುಡುಕಿದೆ, ತಪ್ಪು ಸಿಗಲಿಲ್ಲ. ರಾಜಸ್ಥಾನದವನು ಪಕ್ಕದಲ್ಲಿ ನಿಂತಿದ್ದ. 'ಕೈ ಇಳಿಸುವುದು ನಿಧಾನ' ಎಂದು ಬರೆದು ಫೇಲು ಮಾಡಿದೆ.

ಮಲ್ಲೇಶ "ಜೀ ಉಸ್ತಾದ್" ಎಂದು ಹೋದ.

ಅದಾದ ಮೂರನೆಯ ದಿನ ಭಾನುವಾರ. ಟೆಸ್ಟ್ ಪಾಸಾದವರೆಲ್ಲ ಕೋಟು ಹಾಕಿಕೊಂಡು ಪೇಟೆಗೆ ಹೋಗಿದ್ದರು. ಫೇಲಾದ ಏಳೆಂಟು ಮಂದಿಗೆ ಮೈದಾನದಲ್ಲಿ ಪ್ರಾಕ್ಟೀಸ್. ಗೇಟಿನ ಕಾವಲಿನವನು ನನಗೆ ಹೇಳಿಕಳಿಸಿದ: ಯಾರೋ ಹೆಂಗಸು ಬಂದಿದ್ದಾರೆ, ಹಿಂದಿ ಬರುವುದಿಲ್ಲ, ನಿಮ್ಮ ಭಾಷೆ ಇರಬೇಕು ನೋಡಿ. ಹೋದೆ. ಗೇಟಿನ ಪಕ್ಕ, ಮೈದಾನದ ಆಳೆತ್ತರದ ಗಿಡದ ಬೇಲಿಗೆ ತಾಗಿಕೊಂಡು, ಬಂದವರು ಕೂರುವ ತಗಡಿನ ಚಪ್ಪರವಿತ್ತು. ಅಲ್ಲಿ ಸ್ವೆಟರಿನ ಮೇಲೆ ಸೆರಗು ಹೊದ್ದುಕೊಂಡ ಒಬ್ಬರು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಏನವ್ವಾ, ಯಾವೂರು?" ಎಂದೆ.

ಆಕೆ ಎದ್ದು ನಿಂತರು. ಮಾತಿಗೆ ಮೊದಲು ಕಣ್ಣೀರು ಬಂತು. "ಅಯ್ಯೋ ನಮ್ಮಪ್ಪಾ, ನಮ್ ಮಾತಾಡ್ತೀರಲ್ಲಾ. ಬೆಳಗಿಂದ ಒಬ್ರೂ ತಿಳೀಲಿಲ್ಲ ಕಣಣ್ಣ. ಬನ್ನೂರು ನಮ್ದು. ನನ್ ಮಗ ಒಳಗವ್ನೆ, ಮಲ್ಲೇಶ ಅಂತ."

ಅವರ ಹೆಸರು ಗೌರಮ್ಮ. ಕಾಶಿ ಹರಿದ್ವಾರಕ್ಕೆ ಹೊರಟ ಬನ್ನೂರಿನ ಯಾತ್ರೆಯ ಬಸ್ಸಿಗೆ ಅಡುಗೆಯವರಾಗಿ ಬಂದಿದ್ದರು. ಅಕಾಡೆಮಿಯಿಂದ ಎರಡು ಗಂಟೆ ದಾರಿಯ ಹರಿದ್ವಾರದಲ್ಲಿ ಬಸ್ಸು ನಿಂತಿತ್ತು. ಬೆಳಗಿನ ತಿಂಡಿ ಮಾಡಿಟ್ಟು, ಸಂಜೆಯ ಅಡುಗೆಯ ಹೊತ್ತಿಗೆ ವಾಪಸು ಬರುತ್ತೇನೆಂದು ಹೇಳಿ, ಅಕಾಡೆಮಿಯ ಹೆಸರು ಬರೆಸಿಕೊಂಡ ಚೀಟಿಯನ್ನು ಕಂಡಕ್ಟರಿಗೆ ತೋರಿಸಿ ತೋರಿಸಿ ಅಷ್ಟು ದೂರ ಬಂದಿದ್ದರು. ಮಗನಿಗೆ ತಿಳಿಸುವ ದಾರಿ ಇರಲಿಲ್ಲ; ಹೊಸ ಕೆಡೆಟ್‌ಗಳ ಫೋನನ್ನು ಕಟ್ಟಿ ಆಫೀಸಿನಲ್ಲಿಟ್ಟಿರುತ್ತಾರೆ.

"ಒಂದ್ಗಳಿಗೆ ಮಖ ನೋಡ್ಕಂಡ್ ಓಯ್ತೀನಿ, ಅಷ್ಟೇ ಕಣಣ್ಣ" ಅಂದರು.

"ಪರೀಕ್ಷೆ ಪಾಸಾಗೋಗಂಟ ಬುಡಲ್ಲ ಕಣವ್ವ. ಇಲ್ಲಿ ರೂಲ್ಸು" ಎಂದೆ.

"ಫೇಲಾಗ್ಬುಟ್ನಾ? ಅವ್ನು ಯಾವತ್ತೂ ಫೇಲಾದೋನಲ್ವಲ್ಲ."

ಅಡ್ಜುಟೆಂಟ್ ಸಾಹೇಬರ ಆಫೀಸು ಗೇಟಿನಿಂದ ಕಾಣುತ್ತಿತ್ತು, ಬಾಗಿಲು ತೆರೆದಿತ್ತು. ಹೋಗಿ ಒಂದು ಮಾತು ಹೇಳಿದರೆ ಆಗುತ್ತಿತ್ತು. ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು, 'ಹುಡುಗನಲ್ಲಿ ಏನು ಕೊರತೆ ಉಸ್ತಾದ್?' 'ಏನೂ ಇಲ್ಲ ಸಾಬ್, ನಾನು ಸುಳ್ಳು ಬರೆದೆ' ಎನ್ನಬೇಕಾಗಿತ್ತು. ಅಷ್ಟು ಹೇಳುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಎದೆಯ ಮೇಲೆ ಮೆಡಲು ಇತ್ತು, ಧೈರ್ಯ ಇರಲಿಲ್ಲ.

ಟೀ ತರಿಸಿಕೊಟ್ಟೆ. ಪಕ್ಕದಲ್ಲಿ ಕೂತೆ. ಎಷ್ಟೋ ತಿಂಗಳ ಮೇಲೆ ಮುಖ ನೋಡಿಕೊಂಡು ಕನ್ನಡ ಮಾತಾಡಿದೆ. ನಾಲೆಗೆ ನೀರು ಬಿಟ್ಟಿದ್ದಾರಾ, ಬನ್ನೂರಿನ ಸಂತೆ ಈಗಲೂ ಅಲ್ಲೇ ಸೇರುತ್ತದಾ, ಏನೇನೋ ಕೇಳಿದೆ. ನನಗೆ ಹಿತವಾಗಿತ್ತು, ಇದನ್ನು ಬರೆಯುವುದಕ್ಕೆ ಅಸಹ್ಯವಾಗುತ್ತದೆ, ಆದರೆ ಹಿತವಾಗಿತ್ತು. ಬೇಲಿಯ ಆಚೆಯಿಂದ ಬೂಟುಗಳ ಸದ್ದು ಬರುತ್ತಲೇ ಇತ್ತು.

"ಅದೇನಣ್ಣ ಸದ್ದು?" ಎಂದು ಕೇಳಿದರು.

"ಪ್ರಾಕ್ಟೀಸು" ಎಂದೆ. ಅದರಲ್ಲಿ ಒಂದು ಜೊತೆ ಅವರ ಮಗನದು ಎಂದು ಹೇಳಲಿಲ್ಲ.

ಬಸ್ಸಿನ ಹೊತ್ತಾಯಿತು. ಬ್ಯಾಗಿನಿಂದ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತೆಗೆದು ನನ್ನ ಕೈಗಿಟ್ಟು, "ನಿಮ್ ಹೊಟ್ಟೇಲ್ ಹುಟ್ಟಿದ್ ಮಗ ಅಂತ ನೋಡ್ಕಳಿ ಅಣ್ಣ" ಎಂದು ಹೇಳಿ ಹೋದರು.

ಸಂಜೆ ಮಲ್ಲೇಶನನ್ನು ಕರೆದು ಡಬ್ಬಿ ಕೊಟ್ಟೆ. "ಆಪ್ ಕೀ ಮಾತಾಜೀ ಆಯೀ ಥೀ" ಎಂದೆ. ಅವ್ವ ಬಂದಿದ್ದರೆಂಬ ಸುದ್ದಿಯನ್ನೂ ಹಿಂದಿಯಲ್ಲೇ ಹೇಳಿದೆ. ಅವನು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ. "ಜೀ ಉಸ್ತಾದ್" ಅಂದ. ಮುಂದಿನ ವಾರ ಪಾಸು ಮಾಡಿದೆ. ಅವನ ಸಲ್ಯೂಟ್ ಹಿಂದಿನ ವಾರದಷ್ಟು ಚೆನ್ನಾಗಿರಲಿಲ್ಲ.

ತರಬೇತಿ ಮುಗಿದು ತಂಡ ಹೊರಬೀಳುವ ದಿನ ಇನ್ನೊಂದು ಪದ್ಧತಿ. ತಾಯಿ ತಂದೆಯರು ಬಂದು ಮಗನ ಎರಡು ಹೆಗಲಿಗೂ ನಕ್ಷತ್ರ ಹಾಕುತ್ತಾರೆ. ಮೈದಾನದ ತುಂಬ ರೇಷ್ಮೆ ಸೀರೆ, ಅಳು, ಫೋಟೋ. ಮಲ್ಲೇಶನ ಕಡೆಯಿಂದ ಯಾರೂ ಇರಲಿಲ್ಲ. ಯಾತ್ರೆಯ ಬಸ್ಸು ಮತ್ತೆ ಹೊರಟಿರಲಿಲ್ಲ. ಒಬ್ಬರೇ ಮೂರು ದಿನದ ರೈಲು ಹತ್ತುವ ಧೈರ್ಯ ಗೌರಮ್ಮನವರಿಗೆ ಬಂದಿರಲಿಲ್ಲ. ಮಲ್ಲೇಶ ನೆಟ್ಟಗೆ ನನ್ನ ಹತ್ತಿರ ಬಂದ. ಮೊದಲ ವಾರದ ನಂತರ ಅಂದೇ ಅವನು ಕನ್ನಡ ಮಾತಾಡಿದ್ದು.

"ಅವ್ವನ್ಗೆ ಬರಕಾಗ್ಲಿಲ್ಲ ಸಾ. ಅವ್ಳ್ ಪರವಾಗಿ ನೀವ್ ಹಾಕಿ."

ಹಾಕಿದೆ. ಪಿನ್ನು ಬೆರಳಿಗೆ ಚುಚ್ಚಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಧಿಕಾರಿಯಾಗಿಬಿಟ್ಟಿದ್ದ. ಎರಡು ಹೆಜ್ಜೆ ಹಿಂದೆ ಸರಿದು "ಜೈ ಹಿಂದ್ ಸಾಬ್" ಎಂದು ಸಲ್ಯೂಟ್ ಹೊಡೆದೆ. ಅವನೂ ಹೊಡೆದು ಹೋದ. ಸಂಜೆಯ ಹೊತ್ತಿಗೆ ಮೈದಾನ ಖಾಲಿ. ಅಂಥ ಖಾಲಿ ಸಂಜೆ ವರ್ಷಕ್ಕೆ ಎರಡು ಸಲ ಬರುತ್ತದೆ ಪುಟ್ಟಸ್ವಾಮಿ, ಅವತ್ತು ಏನಾದರೂ ಕೆಲಸ ಇಟ್ಟುಕೊ. ಸುಮ್ಮನೆ ಕೂತರೆ ಕಷ್ಟ.

ಈಗ ಬೇಕಾದಷ್ಟು ಬದಲಾಗಿದೆಯಂತೆ. ಟೆಸ್ಟ್‌ಗಳನ್ನು ಕ್ಯಾಮೆರಾದಲ್ಲಿ ತೆಗೆದು ಹುಡುಗರಿಗೇ ತೋರಿಸುತ್ತಾರಂತೆ, ಕಾಲುನೋವೆಂದರೆ ಡಾಕ್ಟರು ಮೂಳೆಯ ಚಿತ್ರ ತೆಗೆಸುತ್ತಾರಂತೆ, ಹೆಣ್ಣುಮಕ್ಕಳೂ ಅದೇ ಹೆಜ್ಜೆ ಹಾಕುತ್ತಿದ್ದಾರಂತೆ. ಬಹಳ ಸಂತೋಷ. ಕ್ಯಾಮೆರಾ ಇದ್ದಿದ್ದರೆ ನನ್ನ ಸುಳ್ಳು ಅವತ್ತೇ ಬಯಲಾಗುತ್ತಿತ್ತು. ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಪ್ಪ. ನಮ್ಮೂರವನು ಬಂದರೆ ಮುಖ ನೋಡು, ಎಲ್ಲರಿಗೂ ಹಿಡಿಯುವ ಅಳತೆಯನ್ನೇ ಅವನಿಗೂ ಹಿಡಿ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ.

ಇಷ್ಟು ಬರೆಯುವ ಮುಂಚೆ ನಾನು ಬನ್ನೂರಿಗೆ ಹೋಗಿ ಬಂದೆ. ನಿವೃತ್ತನಾಗಿ ಆರು ವರ್ಷ. ನಂಜನಗೂಡಿನಲ್ಲೇ ಇದ್ದೇನೆ, ನರಸೀಪುರದಲ್ಲಿ ಬಸ್ಸು ಬದಲಾಯಿಸಿದರೆ ಬನ್ನೂರು, ಅರ್ಧ ದಿನದ ಕೆಲಸ. ಆರು ವರ್ಷ ಹೋಗಿರಲಿಲ್ಲ. ಪುಟ್ಟಸ್ವಾಮಿಯ ಅಡಿಗೆರೆ ಎಬ್ಬಿಸಿ ಕಳಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಡುಗೆ ಗೌರಮ್ಮ ಎಂದರೆ ಸಾಕಾಯಿತು, ಮನೆ ತೋರಿಸಿದರು.

ಒಬ್ಬಟ್ಟಿನ ಆರ್ಡರ್ ಇತ್ತೆಂದು ಕಾಣುತ್ತದೆ, ಪಡಸಾಲೆಯಲ್ಲಿ ಕೂತು ಕಣಕ ನಾದುತ್ತಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದವರೇ ಹಿಟ್ಟಿನ ಕೈಯಲ್ಲೇ ಎದ್ದರು. "ಗೇಟಿನ್ ಅಣ್ಣ ಅಲ್ವಾ?" ಅಂದರು. ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು, "ನಾ ಏಳ್ತಿರ್ನಿಲ್ವಾ ಕಣಮ್ಮಿ, ಅಷ್ಟ್ ದೂರದಲ್ಲಿ ನಮ್ ಮಾತಾಡ್ಕಂಡು ಟೀ ಕುಡಿಸಿದ್ರು ಅಂತ, ಇವ್ರೇ" ಎಂದು ತೋರಿಸಿದರು. ಗೋಡೆಯ ಮೇಲೆ ಫೋಟೋ: ಯೂನಿಫಾರಮ್ಮಿನ ಮಲ್ಲೇಶ, ಅವನ ಹೆಗಲ ಮೇಲೆ ಯಾರದೋ ಕೈ ಮಾತ್ರ ಬಂದಿದೆ. "ಇದು ನಿಮ್ ಕೈಯಂತಲ್ಲಣ್ಣ. ನಮ್ಮುಡ್ಗ ಏಳ್ದ." ಮಲ್ಲೇಶ ಈಗ ಮೇಜರ್, ಗಡಿಯ ಕಡೆ ಇದ್ದಾನೆ, ಎರಡು ಮಕ್ಕಳು.

ಪಕ್ಕದ ಮನೆಯಾಕೆ ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ. ಮೂರನೆಯ ಟೆಸ್ಟಿನಲ್ಲಿ ತಪ್ಪಿರಲಿಲ್ಲ, ನಾನು ಬೇಕೆಂದೇ ಫೇಲು ಮಾಡಿದ್ದೆ, ಜನ ಏನೆಂದಾರೋ ಎಂದು ಹೆದರಿ. ಅವತ್ತು ಸಾಹೇಬರ ಹತ್ತಿರ ಹೋಗಿ ಒಪ್ಪಿಕೊಂಡಿದ್ದರೆ ನೀವು ಮಗನ ಮುಖ ನೋಡಬಹುದಾಗಿತ್ತು, ಹೋಗಲಿಲ್ಲ. ಬೇಲಿಯ ಆಚೆಯ ಬೂಟಿನ ಸದ್ದು ಅವನದೇ, ಅದನ್ನೂ ಮುಚ್ಚಿಟ್ಟೆ. ಒಂದೂ ಬಿಡದೆ ಹೇಳಿದೆ. ಕ್ಷಮಿಸಿ ಎಂದೆ.

ಗೌರಮ್ಮನವರು ಕಣಕವನ್ನು ಮತ್ತೆ ನಾದತೊಡಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅವತ್ತು ನನ್ ಮಗ ಎಷ್ಟ್ ದೂರದಲ್ಲಿದ್ದ ಅಣ್ಣ, ನಾವ್ ಕೂತಿದ್ ತಾವಿಂದ?"

"ನೂರಿಪ್ಪತ್ತು ಹೆಜ್ಜೆ" ಎಂದೆ.

"ಕೂಗಿದ್ರೆ ಕೇಳ್ತಿತ್ತಾ?"

"ಕೇಳ್ತಿತ್ತು ಕಣವ್ವ."

ಅವರು ಕಣಕದ ಮೇಲೆ ಒದ್ದೆ ಬಟ್ಟೆ ಮುಚ್ಚಿದರು.

"ಕೂಗ್ಬುಡವಾ ಅಂತ್ಲೇ ಇದ್ದೆ ಅವತ್ತು. ಯಾರೂ ಮಾತಾಡ್ಸೋರಿಲ್ಲ, ಏನಾರ ಆಗ್ಲಿ, ಮಲ್ಲೇಶ ಅಂತ ಒಂದ್ ಸಲ ಜೋರಾಗ್ ಕೂಗ್ಬುಡವಾ ಅಂತ. ಅಷ್ಟ್ರಲ್ಲಿ ನೀವ್ ಬಂದ್ರಿ. ನಮ್ಮೋರೊಬ್ರು ಅವ್ರಲ್ಲ ಅಂತ ಸುಮ್ಕಾದೆ."